ಕಾಲು ಮುಂದಾಗಿ ಹುಟ್ಟಿದವಳು

ನಾನು ಹುಟ್ಟುವಾಗ ಮೊದಲು ಬಂದದ್ದು ಎಡಗಾಲು.
ಸೂಲಗಿತ್ತಿ ದ್ಯಾವೀರಮ್ಮ ಬೆರಳು ಎಣಿಸಿ
"ಐದೂ ಐತೆ, ಮಿಕ್ಕಿದ್ದೂ ಬತ್ತದೆ ಬುಡು" ಅಂದಳಂತೆ.
ಮಿಕ್ಕ ನಾನು ಬರುವ ಹೊತ್ತಿಗೆ ಬೆಳಗಾಗಿತ್ತು.
ಅವ್ವ ಮತ್ತೆ ಹೆರಲಿಲ್ಲ.

ನಡೆಯಲು ಕಲಿತ ವರ್ಷವೇ ಕೆಲಸ ಸಿಕ್ಕಿತು.
ಗೌರಿ ಹಬ್ಬದ ಆಸುಪಾಸು,
ದುದ್ದದ ಸುತ್ತ ಆಲೂಗಡ್ಡೆ ಕೀಳುವ ಕಾಲ,
ಬಗ್ಗಿದವರು ಬಗ್ಗಿದಂತೆಯೇ ನಿಂತುಬಿಡುವ ಕಾಲ.
ಮೊದಲು ಮನೆಮದ್ದು:
ಎಕ್ಕದೆಲೆಗೆ ಹರಳೆಣ್ಣೆ ಸವರಿ ಕೆಂಡಕ್ಕೆ ಹಿಡಿದು ಶಾಖ,
ಲಕ್ಕಿ ಸೊಪ್ಪು ಕುದಿಸಿದ ನೀರು, ಹುರಿದ ಉಪ್ಪಿನ ಗಂಟು,
ಹುರುಳಿಕಟ್ಟಿನ ಸಾರಿಗೆ ಹಿಡಿ ಬೆಳ್ಳುಳ್ಳಿ.
ಅದಕ್ಕೂ ಬಗ್ಗದ ಸೊಂಟಕ್ಕೆ
ನಾನು.

ಗೋಣಿಚೀಲ ಹಾಸಿ ಮಕಾಡೆ ಮಲಗುತ್ತಿದ್ದರು.
ಅಪ್ಪ ಕಂಕುಳಿಗೆ ಕೈಕೊಟ್ಟು ಎತ್ತಿ
ಬೆನ್ನ ಮೇಲೆ ಬಿಡುತ್ತಿದ್ದ.
ಮೂರು ಸಲ. ಎಡಗಾಲು ಮೊದಲು.
ತುಳಿದ ಮೇಲೆ ತಿರುಗಿ ನೋಡಬಾರದು,
ಕಾಸು ಮುಟ್ಟಬಾರದು,
ಹೋಯ್ತಾ ಎಂದು ಕೇಳಲೇಬಾರದು.

ಮಂಡಿಯ ಹಮಾಲಿ ಸಣ್ಣಯ್ಯನದು ಹಗೇವಿನ ಮುಚ್ಚುಗಲ್ಲು.
ಪೋಸ್ಟ್ ಮಾಸ್ಟರದು ನಾದಿಟ್ಟ ಹಿಟ್ಟು,
ಕಾಲಿಟ್ಟಲ್ಲಿ ಗುಳಿ ಬಿದ್ದು ನಿಧಾನ ಮೇಲೇಳುತ್ತಿತ್ತು.
ನನಗೆ ಮಗ್ಗಿ ತಪ್ಪಿದರೆ ಬೆತ್ತ ಎತ್ತುತ್ತಿದ್ದ ಮೇಷ್ಟ್ರ ಬೆನ್ನು
ಇಷ್ಟೇ ಇಷ್ಟು.
ಮೇಲ್ಗೇರಿಯ ಯಜಮಾನರು ಮಾತ್ರ ಕತ್ತಲಾದ ಮೇಲೆ ಕರೆಸುತ್ತಿದ್ದರು.
ಜಗಲಿಗೆ ಕಾಲಿಡಬೇಡ ಎಂದವರು
ಕೊಟ್ಟಿಗೆಯಲ್ಲಿ ಮಲಗಿ
ಬೆನ್ನಿಗೆ ಕಾಲಿಡು ಎಂದರು.
ಇಟ್ಟೆ.
ಆಮೇಲೆ ಅವರಮ್ಮ ಒಂದು ಕೊಡ ನೀರು ತಂದು ಹುಯ್ದರು,
ನನ್ನ ಕಾಲಿಗಲ್ಲ, ಅವರ ಬೆನ್ನಿಗೆ.
ಎತ್ತರದಿಂದ ಒಂದು ಬೆಲ್ಲದಚ್ಚು ನನ್ನ ಬೊಗಸೆಗೆ ಬಿತ್ತು.
ಬೆಲ್ಲ ಸಿಹಿಯಾಗೇ ಇತ್ತು.
ಸುಳ್ಳು ಯಾಕೆ ಹೇಳಲಿ.

ಮೈನೆರೆದ ಮೇಲೆ ನಿಂತಿತು.
ಕಾಲಿನ ಗುಣ ಹೋಯಿತೆಂದಲ್ಲ,
"ಇವಳು ಭಾರ ಆದಳು" ಎಂದ ಅಪ್ಪ.

ಈಗ ಐವತ್ತೆರಡು. ಅದೇ ಮೇಷ್ಟ್ರ ಶಾಲೆಯಲ್ಲಿ
ನೂರಾನಲವತ್ತು ಮಕ್ಕಳಿಗೆ ಬಿಸಿಯೂಟ.
ಮೊನ್ನೆ ಗುರುವಾರ ಸಾಂಬಾರಿನ ಪಾತ್ರೆ ಇಳಿಸುವಾಗ
ಸೊಂಟದೊಳಗೆ ಏನೋ ಚಳುಕ್ಕೆಂದು
ನಾನು ಪಾತ್ರೆಯನ್ನು ಬಿಡದೆ
ಪಾತ್ರೆ ನನ್ನನ್ನು ಬಿಡದೆ
ಹಾಗೇ ನಿಂತೆವು, ಇಬ್ಬರೂ ಕುದಿಯುತ್ತ.
ಉಪ್ಪಿನ ಗಂಟಾಯಿತು. ಲಕ್ಕಿ ಸೊಪ್ಪು ಹುಡುಕಿದರೆ
ಕೆರೆ ಏರಿಯ ಬೇಲಿಯೇ ಇಲ್ಲ, ತಂತಿ ಬಂದಿದೆ.
ಬಸ್ ಸ್ಟ್ಯಾಂಡಿನ ಮೆಡಿಕಲ್ಲಿನವನು ಕೊಟ್ಟ ಟ್ಯೂಬಿನಲ್ಲಿ
ಉರಿ ಇದೆ, ಬಿಸಿಯಿಲ್ಲ.

ಕಾಲು ಮುಂದಾಗಿ ಹುಟ್ಟಿದವರನ್ನು ಕೇಳಿಕೊಂಡು ಬಂದೆ.
ಯಾರೂ ಇಲ್ಲ.
ಈಗ ಹಾಗೆ ಕಂಡರೆ ಹಾಸನದ ದೊಡ್ಡಾಸ್ಪತ್ರೆಯಲ್ಲಿ
ಹೊಟ್ಟೆ ಕುಯ್ದು ತೆಗೆಯುತ್ತಾರೆ.
ಒಳ್ಳೆಯದೇ ಬಿಡಿ.
ಅವ್ವನಿಗೂ ಹಾಗೆ ಮಾಡಿದ್ದಿದ್ದರೆ...
ಇರಲಿ.

ತಟ್ಟೆ ತೊಳೆದು ಬಂದ ಜಬೀನಾ
ಸ್ಟೋರ್ ರೂಮಿನಲ್ಲಿ ಖಾಲಿ ಅಕ್ಕಿಚೀಲ ಹಾಸಿದಳು.
"ನಾನು ತಲೆ ಮುಂದಾಗೇ ಹುಟ್ಟಿದ್ದು ಕಣಕ್ಕ, ನಡೆಯುತ್ತಾ?"
"ನಡಿ" ಅಂದೆ.
ಗೋಡೆ ಹಿಡ್ಕೊ, ಹಿಮ್ಮಡಿ ಊರಬೇಡ,
ಬೆರಳು ಮೊದಲು, ಆಮೇಲೆ ಅಂಗಾಲು,
ನೀರಿಗಿಳಿದ ಹಾಗೆ.

ಎಷ್ಟು ಬೆನ್ನು ಹತ್ತಿ ಇಳಿದವಳು ನಾನು,
ಕೆಳಗಿನಿಂದ ಹೇಗಿರುತ್ತದೆಂದು ಗೊತ್ತೇ ಇರಲಿಲ್ಲ.
ಒದ್ದೆ ಪಾದ. ಪಾತ್ರೆ ಸೋಪಿನ ವಾಸನೆ.
ಸೀರೆಯ ಮೇಲಿಂದಲೂ ತರಚುವ ಹಿಮ್ಮಡಿಯ ಬಿರುಕು.
ಉಸಿರು ಬಿಟ್ಟಾಗ ಭಾರ ಒಳಗಿಳಿಯುತ್ತದೆ,
ಎಳೆದುಕೊಂಡಾಗ
ಒಬ್ಬ ಇಡೀ ಮನುಷ್ಯಳನ್ನು ಎತ್ತಿದ ಹಾಗೆ.

ಮೂರಾಯಿತು.
"ಹೋಯ್ತಾ ಅಕ್ಕ?"
ಕೇಳಬಾರದೆಂದು ನಾನು ಹೇಳಿಕೊಟ್ಟಿರಲಿಲ್ಲ.

ಇಲ್ಲ ಕಣೆ.
ಇಳೀಬೇಡ.